ದೊಡ್ಡ ಕರುಳಿನ ಕ್ಯಾನ್ಸರಿನ ಹಂತ ನಿರ್ಣಯ

ದೊಡ್ಡ ಕರುಳಿನ ಕ್ಯಾನ್ಸರಿನ ಹಂತ ನಿರ್ಣಯ ಎಂದರೆ ದೊಡ್ಡ ಕರುಳಿನಲ್ಲಿ ಅಥವಾ ಅದರ ಕೊನೆಯ ಭಾಗವಾದ ಗುದನಾಳದಲ್ಲಿ ಹುಟ್ಟಿದ ಕ್ಯಾನ್ಸರ್, ಪತ್ತೆಯಾಗುವ ಹೊತ್ತಿಗೆ ದೇಹದಲ್ಲಿ ಎಷ್ಟು ದೂರ ಹರಡಿದೆ ಎಂಬುದನ್ನು ಅಳೆದು ನಿಗದಿತ ವರ್ಗಗಳಲ್ಲಿ ದಾಖಲಿಸುವ ಕ್ರಮ. ಗಡ್ಡೆಯು ಕರುಳಿನ ಗೋಡೆಯನ್ನು ಎಷ್ಟು ಆಳಕ್ಕೆ ಕೊರೆದಿದೆ, ಸಮೀಪದ ದುಗ್ಧರಸ ಗ್ರಂಥಿಗಳನ್ನು ತಲುಪಿದೆಯೇ, ಯಕೃತ್ತು, ಶ್ವಾಸಕೋಶ ಮೊದಲಾದ ದೂರದ ಅಂಗಗಳಲ್ಲಿ ನೆಲೆಯೂರಿದೆಯೇ ಎಂಬ ಮೂರು ಪ್ರಶ್ನೆಗಳ ಉತ್ತರದಿಂದ ಹಂತವು ನಿರ್ಧಾರವಾಗುತ್ತದೆ. ಶಸ್ತ್ರಚಿಕಿತ್ಸೆಯೊಂದೇ ಸಾಕೇ, ಅದರ ಹಿಂದೆ ಅಥವಾ ಮುಂದೆ ಔಷಧ ಮತ್ತು ವಿಕಿರಣಗಳು ಬೇಕೇ ಎಂಬ ತೀರ್ಮಾನವೂ, ರೋಗವು ಮುಂದೆ ಹಿಡಿಯಬಹುದಾದ ಗತಿಯ ಅಂದಾಜು, ಅಂದರೆ ಮುನ್ನರಿವು ಕೂಡ ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಟಿಎನ್‌ಎಂ ಪದ್ಧತಿ.

ಹಂತವು ರೋಗದ ಹರವಿನ ಅಳತೆಯೇ ಹೊರತು ರೋಗಿಯ ಆಯುಸ್ಸಿನ ಅಳತೆಯಲ್ಲ. ಒಂದೇ ಹಂತದ ಇಬ್ಬರು ರೋಗಿಗಳಲ್ಲಿ ರೋಗದ ನಡೆ ಬೇರೆಬೇರೆಯಾಗಿರಬಹುದು. ಕೆಲವೊಮ್ಮೆ ದೊಡ್ಡ ಅಂಕಿಯ ಹಂತದವರು ಸಣ್ಣ ಅಂಕಿಯ ಹಂತದವರಿಗಿಂತ ಹೆಚ್ಚು ಕಾಲ ಬದುಕುವುದೂ ಉಂಟು.

ಕರುಳಿನ ಗೋಡೆ ಮತ್ತು ರೋಗ ಹರಡುವ ದಾರಿ

ಕರುಳಿನ ಗೋಡೆಯು ಹಲವು ಪದರಗಳಿಂದ ಕೂಡಿದೆ. ಒಳಗಿನಿಂದ ಹೊರಕ್ಕೆ ಕ್ರಮವಾಗಿ ಲೋಳೆಪೊರೆ, ಅದರಡಿಯ ಸಡಿಲವಾದ ಒಳಪದರ, ಸ್ನಾಯು ಪದರ, ಹೊರಗಿನ ಕೊಬ್ಬು ಮತ್ತು ಕರುಳನ್ನು ಹೊದೆದಿರುವ ಉದರಪೊರೆ ಇರುತ್ತವೆ. ಬಹುಪಾಲು ಕ್ಯಾನ್ಸರ್‌ಗಳು ಲೋಳೆಪೊರೆಯ ಮೇಲೆ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟುಗಳಲ್ಲಿ ಆರಂಭವಾಗುತ್ತವೆ. ಪಾಲಿಪ್ ಕ್ಯಾನ್ಸರ್ ಆಗಿ ಮಾರ್ಪಡಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು.

ರೋಗವು ಹೊರಕ್ಕೆ ಹೋಗುವ ದಾರಿಗಳು ನಾಲ್ಕು: ಗೋಡೆಯನ್ನು ನೇರವಾಗಿ ಕೊರೆದು ಪಕ್ಕದ ಅಂಗಕ್ಕೆ ತಗಲುವುದು, ದುಗ್ಧನಾಳಗಳ ಮೂಲಕ ಗ್ರಂಥಿಗಳನ್ನು ಸೇರುವುದು, ರಕ್ತನಾಳಗಳ ಮೂಲಕ ದೂರದ ಅಂಗಗಳಿಗೆ ಸಾಗುವುದು, ಉದರಪೊರೆಯ ಮೇಲೆ ಚದುರಿ ಬೀಳುವುದು. ಕರುಳಿನಿಂದ ಹೊರಡುವ ರಕ್ತದಲ್ಲಿ ಬಹುಪಾಲು ಮೊದಲು ಯಕೃತ್ತಿಗೆ ಹೋಗುವುದರಿಂದ, ದೂರದ ಅಂಗಗಳಲ್ಲಿ ಯಕೃತ್ತೇ ಅತಿ ಹೆಚ್ಚಾಗಿ ರೋಗಕ್ಕೆ ತುತ್ತಾಗುತ್ತದೆ. ಹಂತ ನಿರ್ಣಯದ ಎಲ್ಲ ಪದ್ಧತಿಗಳೂ ಈ ದಾರಿಯನ್ನೇ ಅನುಸರಿಸಿ ರೂಪುಗೊಂಡಿವೆ.

ಇತಿಹಾಸ

ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ರೋಗವಿಜ್ಞಾನಿ ಕತ್‌ಬರ್ಟ್ ಡ್ಯೂಕ್ಸ್ ೧೯೩೨ರಲ್ಲಿ ಪ್ರಕಟಿಸಿದ ವರ್ಗೀಕರಣವು ಈ ಕ್ಷೇತ್ರದ ಮೊದಲ ಗಟ್ಟಿ ತಳಹದಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗುದನಾಳದ ತುಣುಕುಗಳನ್ನು ಪರೀಕ್ಷಿಸಿ ಅವರು ರೋಗವನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಗೋಡೆಯೊಳಗೇ ಉಳಿದದ್ದು ಎ, ಗೋಡೆಯನ್ನು ದಾಟಿಯೂ ದುಗ್ಧರಸ ಗ್ರಂಥಿಗಳನ್ನು ಸೇರದಿದ್ದುದು ಬಿ, ಗ್ರಂಥಿಗಳನ್ನು ಸೇರಿದ್ದು ಸಿ. ದೂರದ ಅಂಗಗಳಿಗೆ ಹರಡಿದ ರೋಗವನ್ನು ಸೂಚಿಸುವ ಡಿ ಗುಂಪನ್ನು ನಂತರದ ವೈದ್ಯರು ಸೇರಿಸಿದರು. ೧೯೫೪ರಲ್ಲಿ ಆಸ್ಟ್ಲರ್ ಮತ್ತು ಕಾಲರ್ ಎಂಬ ಅಮೆರಿಕದ ವೈದ್ಯರು ಈ ಗುಂಪುಗಳನ್ನು ಮತ್ತಷ್ಟು ಸೂಕ್ಷ್ಮವಾಗಿ ವಿಭಾಗಿಸಿದರು. ಡ್ಯೂಕ್ಸ್ ವರ್ಗೀಕರಣದ ಬಲ ಅದರ ಸರಳತೆಯಲ್ಲಿತ್ತು. ಆದರೆ ಒಂದು ಗ್ರಂಥಿಗೆ ರೋಗ ತಗಲಿದವರೂ ಹತ್ತು ಗ್ರಂಥಿಗಳಿಗೆ ತಗಲಿದವರೂ ಒಂದೇ ಗುಂಪಿಗೆ ಸೇರುತ್ತಿದ್ದುದು ಅದರ ಕೊರತೆಯಾಗಿತ್ತು.

ಇದೇ ಕಾಲದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಿಯರ್ ಡೆನ್ವಾ ೧೯೪೩ರಿಂದ ೧೯೫೨ರ ಅವಧಿಯಲ್ಲಿ ಎಲ್ಲ ಬಗೆಯ ಗಡ್ಡೆಗಳಿಗೂ ಅನ್ವಯಿಸಬಹುದಾದ ಟಿಎನ್‌ಎಂ ಪದ್ಧತಿಯನ್ನು ರೂಪಿಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ನಿಯಂತ್ರಣ ಒಕ್ಕೂಟವು ೧೯೬೮ರಲ್ಲಿ ಇದರ ಮೊದಲ ಕೈಪಿಡಿಯನ್ನು ಹೊರತಂದಿತು. ಅಮೆರಿಕದ ಕ್ಯಾನ್ಸರ್ ಜಂಟಿ ಸಮಿತಿಯ ಮೊದಲ ಕೈಪಿಡಿ ೧೯೭೭ರಲ್ಲಿ ಪ್ರಕಟವಾಯಿತು. ಹೊಸ ಅಧ್ಯಯನಗಳ ಫಲಿತಾಂಶವನ್ನು ಅಳವಡಿಸಿಕೊಂಡು ಈ ಕೈಪಿಡಿಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತಿವೆ. ಈ ಲೇಖನದಲ್ಲಿರುವ ವರ್ಗಗಳು ೨೦೧೬ರಲ್ಲಿ ಪ್ರಕಟವಾದ ಎಂಟನೆಯ ಆವೃತ್ತಿಯವು.

ಟಿಎನ್‌ಎಂ ಪದ್ಧತಿ

ಈ ಪದ್ಧತಿಯಲ್ಲಿ ಟಿ ಅಕ್ಷರವು ಮೂಲ ಗಡ್ಡೆಯನ್ನೂ, ಎನ್ ದುಗ್ಧರಸ ಗ್ರಂಥಿಗಳನ್ನೂ, ಎಂ ದೂರದ ಹರಡುವಿಕೆಯನ್ನೂ ಸೂಚಿಸುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಟಿ ವರ್ಗವನ್ನು ನಿರ್ಧರಿಸುವುದು ಗಡ್ಡೆಯ ಗಾತ್ರವಲ್ಲ, ಅದು ಇಳಿದಿರುವ ಆಳ. ಕರುಳಿನೊಳಕ್ಕೆ ಚಾಚಿಕೊಂಡ ದೊಡ್ಡ ಗಡ್ಡೆಯೊಂದು ಗೋಡೆಯನ್ನು ಹೆಚ್ಚು ಕೊರೆಯದೆ ಇರಬಹುದು. ಸಣ್ಣ ಗಡ್ಡೆಯೊಂದು ಗೋಡೆಯನ್ನೇ ತೂರಿ ಹೋಗಿರಬಹುದು.

ಗಡ್ಡೆಯ ಆಳ:
* ಟಿಐಎಸ್: ರೋಗ ಲೋಳೆಪೊರೆಯಲ್ಲಿಯೇ ಇದೆ
* ಟಿ೧: ಲೋಳೆಪೊರೆಯ ಅಡಿಯ ಪದರಕ್ಕೆ ಇಳಿದಿದೆ
* ಟಿ೨: ಸ್ನಾಯು ಪದರವನ್ನು ಹೊಕ್ಕಿದೆ
* ಟಿ೩: ಸ್ನಾಯು ಪದರವನ್ನು ದಾಟಿ ಸುತ್ತಲಿನ ಕೊಬ್ಬನ್ನು ತಲುಪಿದೆ
* ಟಿ೪ಎ: ಹೊರಗಿನ ಉದರಪೊರೆಯನ್ನು ತೂರಿದೆ
* ಟಿ೪ಬಿ: ಪಕ್ಕದ ಅಂಗಕ್ಕೆ ನೇರವಾಗಿ ತಗಲಿದೆ

ದುಗ್ಧರಸ ಗ್ರಂಥಿಗಳು:
* ಎನ್೦: ಯಾವ ಗ್ರಂಥಿಯಲ್ಲಿಯೂ ರೋಗವಿಲ್ಲ
* ಎನ್೧ಎ: ಒಂದು ಗ್ರಂಥಿಯಲ್ಲಿ ರೋಗವಿದೆ
* ಎನ್೧ಬಿ: ಎರಡು ಅಥವಾ ಮೂರು ಗ್ರಂಥಿಗಳಲ್ಲಿದೆ
* ಎನ್೧ಸಿ: ಗ್ರಂಥಿಗಳಲ್ಲಿ ಇಲ್ಲ, ಆದರೆ ಸುತ್ತಲಿನ ಕೊಬ್ಬಿನಲ್ಲಿ ಗಡ್ಡೆಯ ಬಿಡಿ ತುಣುಕುಗಳಿವೆ
* ಎನ್೨ಎ: ನಾಲ್ಕರಿಂದ ಆರು ಗ್ರಂಥಿಗಳಲ್ಲಿದೆ
* ಎನ್೨ಬಿ: ಏಳು ಅಥವಾ ಹೆಚ್ಚು ಗ್ರಂಥಿಗಳಲ್ಲಿದೆ

ದೂರದ ಹರಡುವಿಕೆ:
* ಎಂ೦: ಇಲ್ಲ
* ಎಂ೧ಎ: ಒಂದು ದೂರದ ಅಂಗದಲ್ಲಿ ಅಥವಾ ಒಂದು ಭಾಗದಲ್ಲಿ ಇದೆ
* ಎಂ೧ಬಿ: ಎರಡು ಅಥವಾ ಹೆಚ್ಚು ಕಡೆ ಇದೆ
* ಎಂ೧ಸಿ: ಉದರಪೊರೆಗೆ ಹರಡಿದೆ

ಅಕ್ಷರಗಳ ಹಿಂದೆ ಬರುವ ಸಣ್ಣ ಗುರುತುಗಳಿಗೂ ಅರ್ಥವಿದೆ. ಸಿ ಎಂದರೆ ಸ್ಕ್ಯಾನ್ ಮತ್ತಿತರ ತಪಾಸಣೆಯಿಂದ ತಿಳಿದ ಹಂತ. ಪಿ ಎಂದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿ ನಿರ್ಧರಿಸಿದ ಹಂತ. ಔಷಧ ಅಥವಾ ವಿಕಿರಣ ಚಿಕಿತ್ಸೆಯ ನಂತರ ನಿರ್ಧರಿಸಿದ್ದಕ್ಕೆ ವೈ, ಮರುಕಳಿಸಿದ ರೋಗಕ್ಕೆ ಆರ್ ಗುರುತುಗಳಿವೆ. ರೋಗ ಮರುಕಳಿಸಿದರೂ ಮೊದಲು ದಾಖಲಾದ ಹಂತವನ್ನು ತಿದ್ದುವುದಿಲ್ಲ. ಹೊಸ ಸ್ಥಿತಿಯನ್ನು ಪ್ರತ್ಯೇಕವಾಗಿ ಬರೆಯಲಾಗುತ್ತದೆ.

ಹಂತಗಳ ಗುಂಪುಗಳು

ಮೂರು ವರ್ಗಗಳನ್ನು ಸೇರಿಸಿ ಐದು ಮುಖ್ಯ ಹಂತಗಳನ್ನು ಗುರುತಿಸಲಾಗಿದೆ.
* ಸೊನ್ನೆ ಹಂತ: ಟಿಐಎಸ್, ಗ್ರಂಥಿಗಳಲ್ಲಿ ರೋಗವಿಲ್ಲ
* ಒಂದನೆಯ ಹಂತ: ಟಿ೧ ಅಥವಾ ಟಿ೨, ಗ್ರಂಥಿಗಳಲ್ಲಿ ರೋಗವಿಲ್ಲ
* ಎರಡನೆಯ ಹಂತ: ಗ್ರಂಥಿಗಳಲ್ಲಿ ರೋಗವಿಲ್ಲ, ಆದರೆ ಗಡ್ಡೆ ಸ್ನಾಯು ಪದರವನ್ನು ದಾಟಿದೆ (ಟಿ೩ ಆದರೆ ೨-ಎ, ಟಿ೪ಎ ಆದರೆ ೨-ಬಿ, ಟಿ೪ಬಿ ಆದರೆ ೨-ಸಿ)
* ಮೂರನೆಯ ಹಂತ: ಗಡ್ಡೆಯ ಆಳ ಎಷ್ಟೇ ಇರಲಿ, ರೋಗವು ಎನ್೧ ಅಥವಾ ಎನ್೨ ವರ್ಗದ್ದಾಗಿದೆ (ಆಳ ಮತ್ತು ಗ್ರಂಥಿಗಳ ಸಂಖ್ಯೆಗೆ ಅನುಸಾರವಾಗಿ ೩-ಎ, ೩-ಬಿ, ೩-ಸಿ)
* ನಾಲ್ಕನೆಯ ಹಂತ: ದೂರದ ಅಂಗಗಳಿಗೆ ಅಥವಾ ಉದರಪೊರೆಗೆ ಹರಡಿದೆ (ಎಂ೧ಎ, ಎಂ೧ಬಿ, ಎಂ೧ಸಿ ವರ್ಗಗಳಿಗೆ ಅನುಸಾರವಾಗಿ ೪-ಎ, ೪-ಬಿ, ೪-ಸಿ)

ಹಂತವನ್ನು ಕಂಡುಹಿಡಿಯುವ ಬಗೆ

ಕೊಲೊನೋಸ್ಕೋಪಿಯಲ್ಲಿ ಗಡ್ಡೆ ಕಂಡುಬಂದರೆ ಅದರ ಚೂರನ್ನು ತೆಗೆದು ಬಯಾಪ್ಸಿ ಮಾಡಲಾಗುತ್ತದೆ. ಬಯಾಪ್ಸಿಯಿಂದ ಅದು ಕ್ಯಾನ್ಸರ್ ಎಂಬುದು ಖಚಿತವಾಗುತ್ತದೆಯೇ ಹೊರತು ಹಂತ ತಿಳಿಯುವುದಿಲ್ಲ. ಎದೆ, ಹೊಟ್ಟೆ ಮತ್ತು ಕಟಿಭಾಗದ ಸಿ.ಟಿ. ಸ್ಕ್ಯಾನ್ ದೂರದ ಹರಡುವಿಕೆಯನ್ನು ತೋರಿಸುತ್ತದೆ. ಗುದನಾಳದ ಗಡ್ಡೆಗೆ ಎಂ.ಆರ್.ಐ. ಸ್ಕ್ಯಾನ್ ಅಗತ್ಯ. ರಕ್ತದಲ್ಲಿನ ಸಿಇಎ ಎಂಬ ಪ್ರೋಟೀನಿನ ಪ್ರಮಾಣವನ್ನೂ ಚಿಕಿತ್ಸೆಗೆ ಮುನ್ನ ಅಳೆಯುತ್ತಾರೆ; ಮುಂದೆ ರೋಗ ಮರುಕಳಿಸಿದರೆ ಗುರುತಿಸಲು ಅದು ನೆರವಾಗುತ್ತದೆ.

ನಿಖರವಾದ ಉತ್ತರ ಸಿಗುವುದು ಶಸ್ತ್ರಚಿಕಿತ್ಸೆಯ ನಂತರ ರೋಗವಿಜ್ಞಾನಿಯ ಮೇಜಿನ ಮೇಲೆ. ತೆಗೆದ ಕರುಳಿನ ಭಾಗದಲ್ಲಿ ಕನಿಷ್ಠ ೧೨ ದುಗ್ಧರಸ ಗ್ರಂಥಿಗಳನ್ನು ಹುಡುಕಿ ಪರೀಕ್ಷಿಸಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಐದಾರು ಗ್ರಂಥಿಗಳನ್ನು ಮಾತ್ರ ನೋಡಿ "ರೋಗವಿಲ್ಲ" ಎಂದು ಬರೆದರೆ, ನೋಡದೆ ಉಳಿದ ಗ್ರಂಥಿಯಲ್ಲಿ ರೋಗವಿರುವ ಸಾಧ್ಯತೆ ಉಳಿಯುತ್ತದೆ. ಆಗ ವಾಸ್ತವದಲ್ಲಿ ಮೂರನೆಯ ಹಂತದ ರೋಗಿಯು ಎರಡನೆಯ ಹಂತಕ್ಕೆ ಸೇರಿ, ದೊರೆಯಬೇಕಾಗಿದ್ದ ಔಷಧ ಚಿಕಿತ್ಸೆಯಿಂದ ವಂಚಿತನಾಗಬಹುದು. ಆದ್ದರಿಂದ ವರದಿಯಲ್ಲಿ ಪರೀಕ್ಷಿಸಿದ ಗ್ರಂಥಿಗಳ ಒಟ್ಟು ಸಂಖ್ಯೆಯನ್ನೂ ರೋಗ ಕಂಡುಬಂದ ಗ್ರಂಥಿಗಳ ಸಂಖ್ಯೆಯನ್ನೂ ನಮೂದಿಸಲಾಗುತ್ತದೆ.

ಹಂತ ಮತ್ತು ಚಿಕಿತ್ಸೆ

ಸೊನ್ನೆ ಮತ್ತು ಒಂದನೆಯ ಹಂತ

ಲೋಳೆಪೊರೆಗೆ ಸೀಮಿತವಾದ ರೋಗವನ್ನು ಕೊಲೊನೋಸ್ಕೋಪಿಯ ಮೂಲಕವೇ ತೆಗೆದುಹಾಕಬಹುದು. ಪಾಲಿಪ್‌ನೊಳಗಿನ ಟಿ೧ ಗಡ್ಡೆಯನ್ನೂ ಕೆಲವು ಸಂದರ್ಭಗಳಲ್ಲಿ ಹೀಗೆಯೇ ತೆಗೆದರೆ ಸಾಕಾಗುತ್ತದೆ. ಆದರೆ ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದ್ದರೆ, ಜೀವಕೋಶಗಳು ಉಗ್ರ ಸ್ವರೂಪದವಾಗಿದ್ದರೆ ಅಥವಾ ದುಗ್ಧನಾಳ, ರಕ್ತನಾಳಗಳನ್ನು ಹೊಕ್ಕಿದ್ದರೆ ಕರುಳಿನ ಆ ಭಾಗವನ್ನು ಗ್ರಂಥಿಗಳ ಸಮೇತ ತೆಗೆಯುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಒಂದನೆಯ ಹಂತದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿ ನೀಡುವುದಿಲ್ಲ.

ಎರಡನೆಯ ಹಂತ

ತೀರ್ಮಾನ ಅತ್ಯಂತ ಕಠಿಣವಾಗುವುದು ಈ ಹಂತದಲ್ಲಿ. ಶಸ್ತ್ರಚಿಕಿತ್ಸೆಯೊಂದರಿಂದಲೇ ಬಹುಪಾಲು ರೋಗಿಗಳು ಗುಣಮುಖರಾಗುತ್ತಾರೆ. ಕೆಲವರಲ್ಲಿ ಮಾತ್ರ ಕಣ್ಣಿಗೆ ಕಾಣದ ರೋಗದ ಕಣಗಳು ಉಳಿದಿರುತ್ತವೆ. ಅವರು ಯಾರೆಂದು ಮುಂಚಿತವಾಗಿ ಖಚಿತವಾಗಿ ಹೇಳುವುದು ಸುಲಭವಲ್ಲ. ೨೦೦೭ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ವೇಸಾರ್ ಅಧ್ಯಯನದ ರೋಗಿಗಳಲ್ಲಿ ಹೆಚ್ಚಿನವರು ಎರಡನೆಯ ಹಂತದವರಾಗಿದ್ದರು. ಅದರ ಲೆಕ್ಕದಂತೆ ಕೀಮೋಥೆರಪಿಯಿಂದ ಐದು ವರ್ಷಗಳ ಬದುಕುಳಿಯುವಿಕೆಯಲ್ಲಿ ಆದ ಹೆಚ್ಚಳ ನೂರಕ್ಕೆ ಮೂರರಿಂದ ನಾಲ್ಕು ಮಂದಿಯಷ್ಟು ಮಾತ್ರ. ಉಳಿದವರು ಔಷಧದ ಅಡ್ಡಪರಿಣಾಮಗಳನ್ನಷ್ಟೇ ಅನುಭವಿಸಿದಂತಾಗುತ್ತದೆ.

ಆದ್ದರಿಂದ ಹೆಚ್ಚಿನ ಅಪಾಯವನ್ನು ಸೂಚಿಸುವ ಲಕ್ಷಣಗಳನ್ನು ನೋಡಲಾಗುತ್ತದೆ. ಗಡ್ಡೆ ಟಿ೪ ಆಗಿರುವುದು, ಕರುಳು ಕಟ್ಟಿಕೊಂಡಿರುವುದು ಅಥವಾ ತೂತಾಗಿರುವುದು, ೧೨ಕ್ಕಿಂತ ಕಡಿಮೆ ಗ್ರಂಥಿಗಳ ಪರೀಕ್ಷೆ, ರಕ್ತನಾಳ ಅಥವಾ ನರಗಳ ಸುತ್ತ ರೋಗ ಕಂಡುಬಂದಿರುವುದು ಇವುಗಳಲ್ಲಿ ಮುಖ್ಯವಾದವು. ಇನ್ನೊಂದೆಡೆ, ಡಿಎನ್‌ಎ ನಕಲಿನ ದೋಷಗಳನ್ನು ಸರಿಪಡಿಸುವ ಜೀವಕೋಶದ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳಲ್ಲಿ ಎರಡನೆಯ ಹಂತದ ಮುನ್ನರಿವು ಉತ್ತಮವಾಗಿರುತ್ತದೆ. ಅಂತಹ ರೋಗಿಗಳಿಗೆ ಫ್ಲೂರೋಯುರಾಸಿಲ್ ಔಷಧವೊಂದನ್ನೇ ಕೊಡುವುದರಿಂದ ಪ್ರಯೋಜನವಿಲ್ಲ. ಹಂತದ ಅಂಕಿಯೊಂದರಿಂದಲೇ ಈ ಭೇದ ತಿಳಿಯದು.

ಮೂರನೆಯ ಹಂತ

ಇಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿ ನೀಡುವುದು ರೂಢಿಯ ಕ್ರಮ. ೧೯೯೦ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಫ್ಲೂರೋಯುರಾಸಿಲ್ ಮತ್ತು ಲೆವಾಮಿಸೋಲ್ ಔಷಧಗಳಿಂದ ಈ ಹಂತದಲ್ಲಿ ಮರುಕಳಿಸುವಿಕೆ ಸುಮಾರು ಶೇಕಡ ೪೦ರಷ್ಟು ತಗ್ಗಿತೆಂದು ತೋರಿಸಿದ ಬಳಿಕ ಈ ಕ್ರಮ ನೆಲೆಗೊಂಡಿತು. ಲೆವಾಮಿಸೋಲ್ ಮುಂದೆ ಬಳಕೆಯಿಂದ ಹೋಯಿತು. ೨೦೦೪ರ ಮೊಸಾಯಿಕ್ ಅಧ್ಯಯನವು ಫ್ಲೂರೋಯುರಾಸಿಲ್ ಜೊತೆಗೆ ಆಕ್ಸಾಲಿಪ್ಲಾಟಿನ್ ಸೇರಿಸಿದರೆ ಫಲಿತಾಂಶ ಇನ್ನೂ ಸುಧಾರಿಸುತ್ತದೆ ಎಂದು ತೋರಿಸಿತು.

ಆಕ್ಸಾಲಿಪ್ಲಾಟಿನ್ ಕೈಕಾಲುಗಳಲ್ಲಿ ಜೋಮು, ಚುಚ್ಚುವಿಕೆ ಉಂಟುಮಾಡುತ್ತದೆ. ಕೆಲವರಲ್ಲಿ ಇದು ವರ್ಷಗಟ್ಟಲೆ ಉಳಿಯುತ್ತದೆ. ಗುಂಡಿ ಹಾಕುವುದು, ಬರೆಯುವುದು, ಕತ್ತಲಲ್ಲಿ ನಡೆಯುವುದು ಮುಂತಾದ ದಿನನಿತ್ಯದ ಕೆಲಸಗಳೂ ಕಷ್ಟವಾಗಬಹುದು. ಆರು ತಿಂಗಳ ಬದಲು ಮೂರು ತಿಂಗಳ ಚಿಕಿತ್ಸೆ ಸಾಕೇ ಎಂದು ತಿಳಿಯಲು ಹಲವು ದೇಶಗಳಲ್ಲಿ ನಡೆದ ಆರು ಅಧ್ಯಯನಗಳ ೧೨,೮೩೪ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಲಾಯಿತು. ೨೦೧೮ರಲ್ಲಿ ಪ್ರಕಟವಾದ ಈ ವಿಶ್ಲೇಷಣೆಯಿಂದ ಮೂರನೆಯ ಹಂತದೊಳಗೇ ಎರಡು ಗುಂಪುಗಳು ಸ್ಪಷ್ಟವಾದವು. ಟಿ೧ರಿಂದ ಟಿ೩ ಮತ್ತು ಎನ್೧ ಇರುವವರಿಗೆ, ಮುಖ್ಯವಾಗಿ ಕ್ಯಾಪೆಸಿಟಾಬಿನ್ ಮತ್ತು ಆಕ್ಸಾಲಿಪ್ಲಾಟಿನ್ ಜೋಡಿಯನ್ನು ಪಡೆಯುವವರಿಗೆ, ಮೂರು ತಿಂಗಳು ಸಾಕು. ಟಿ೪ ಅಥವಾ ಎನ್೨ ಇರುವವರಲ್ಲಿ ಆರು ತಿಂಗಳ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಹೀಗೆ ಉಪವರ್ಗದ ಒಂದು ಅಂಕಿಯು ಮೂರು ತಿಂಗಳ ಔಷಧವನ್ನೂ ಅದರ ತೊಂದರೆಯನ್ನೂ ಉಳಿಸಬಲ್ಲುದು.

ನಾಲ್ಕನೆಯ ಹಂತ

ಈ ಹಂತದಲ್ಲಿ ಔಷಧ ಚಿಕಿತ್ಸೆಯೇ ಪ್ರಧಾನ. ಆದರೆ ನಾಲ್ಕನೆಯ ಹಂತವೆಂದರೆ ಗುಣವಾಗದ ರೋಗವೆಂದು ಎಲ್ಲ ಸಂದರ್ಭಗಳಲ್ಲಿಯೂ ಹೇಳಲಾಗದು. ಯಕೃತ್ತಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಕೆಲವೇ ಗಡ್ಡೆಗಳಿದ್ದು ಅವುಗಳನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ, ಅಂತಹ ಆಯ್ದ ರೋಗಿಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ಐದು ವರ್ಷ ದಾಟುತ್ತಾರೆ. ಕೆಲವರು ಸಂಪೂರ್ಣ ಗುಣಮುಖರಾಗುತ್ತಾರೆ. ಮೊದಲು ತೆಗೆಯಲಾಗದಂತಿದ್ದ ಗಡ್ಡೆಗಳು ಔಷಧದಿಂದ ಕುಗ್ಗಿ ಶಸ್ತ್ರಚಿಕಿತ್ಸೆಗೆ ಒಗ್ಗುವುದೂ ಇದೆ.

ಔಷಧದ ಆಯ್ಕೆಯಲ್ಲಿ ಗಡ್ಡೆಯ ವಂಶವಾಹಿ ಪರೀಕ್ಷೆಯ ಪಾತ್ರ ದೊಡ್ಡದು. ರಾಸ್ ವಂಶವಾಹಿಯಲ್ಲಿ ಬದಲಾವಣೆಯಿದ್ದರೆ ಸೆಟುಕ್ಸಿಮಾಬ್, ಪ್ಯಾನಿಟುಮುಮಾಬ್ ಔಷಧಗಳಿಂದ ಉಪಯೋಗವಿಲ್ಲ. ಡಿಎನ್‌ಎ ಸರಿಪಡಿಸುವ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳು ಈ ಹಂತದಲ್ಲಿ ನೂರಕ್ಕೆ ಸುಮಾರು ಐದರಷ್ಟಿವೆ. ಅವುಗಳಿಗೆ ದೇಹದ ಸ್ವಂತ ರಕ್ಷಣಾ ಶಕ್ತಿಯನ್ನು ಎಚ್ಚರಿಸುವ ಪೆಂಬ್ರೊಲಿಜುಮಾಬ್ ಔಷಧವನ್ನು ಮೊದಲ ಚಿಕಿತ್ಸೆಯಾಗಿ ನೀಡಲು ಅಮೆರಿಕದಲ್ಲಿ ೨೦೨೦ರಲ್ಲಿ ಅನುಮತಿ ದೊರೆಯಿತು.

ಗುದನಾಳದ ಕ್ಯಾನ್ಸರ್

ಹಂತಗಳ ಹೆಸರು ಒಂದೇ ಆದರೂ ಗುದನಾಳದಲ್ಲಿ ಚಿಕಿತ್ಸೆಯ ಕ್ರಮ ಬೇರೆ. ಗುದನಾಳವು ಕಟಿಯ ಇಕ್ಕಟ್ಟಾದ ಮೂಳೆಗೂಡಿನೊಳಗಿದ್ದು, ಅದರ ಕೆಳಭಾಗಕ್ಕೆ ಉದರಪೊರೆಯ ಹೊದಿಕೆ ಇರುವುದಿಲ್ಲ. ಹೀಗಾಗಿ ಶಸ್ತ್ರಚಿಕಿತ್ಸೆ ಆದ ಜಾಗದಲ್ಲಿಯೇ ರೋಗ ಮರುಕಳಿಸುವ ಭಯ ಹೆಚ್ಚು. ಇಂಗ್ಲೆಂಡಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ ೧೯೮೨ರಲ್ಲಿ ವಿವರಿಸಿದಂತೆ, ಗುದನಾಳವನ್ನು ಸುತ್ತಲಿನ ಕೊಬ್ಬು ಮತ್ತು ಗ್ರಂಥಿಗಳ ಹೊದಿಕೆಯ ಸಮೇತ ಇಡಿಯಾಗಿ ತೆಗೆಯುವ ಕ್ರಮದಿಂದ ಈ ಅಪಾಯ ಬಹಳ ತಗ್ಗಿತು. ಈ ಹೊದಿಕೆಯ ಅಂಚಿಗೂ ಗಡ್ಡೆಗೂ ನಡುವಿನ ಅಂತರವನ್ನು ಎಂ.ಆರ್.ಐ. ಮೂಲಕ ಅಳೆಯುತ್ತಾರೆ, ಅದು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚೆಂದು ಪರಿಗಣಿಸಲಾಗುತ್ತದೆ.

ಎರಡನೆಯ ಮತ್ತು ಮೂರನೆಯ ಹಂತದ ಅನೇಕ ರೋಗಿಗಳಿಗೆ ವಿಕಿರಣ ಮತ್ತು ಕೀಮೋಥೆರಪಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ನೀಡಲಾಗುತ್ತದೆ. ೨೦೦೪ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಈ ಚಿಕಿತ್ಸೆಯನ್ನು ಮುಂಚೆ ಪಡೆದವರಲ್ಲಿ ಐದು ವರ್ಷಗಳಲ್ಲಿ ಅದೇ ಜಾಗದಲ್ಲಿ ರೋಗ ಮರುಕಳಿಸಿದ್ದು ಶೇಕಡ ೬ರಷ್ಟು, ನಂತರ ಪಡೆದವರಲ್ಲಿ ಶೇಕಡ ೧೩ರಷ್ಟು. ಕೆಲವರಲ್ಲಿ ಗಡ್ಡೆ ಸಂಪೂರ್ಣ ಮಾಯವಾಗುತ್ತದೆ. ಅಂತಹವರನ್ನು ಶಸ್ತ್ರಚಿಕಿತ್ಸೆಯಿಲ್ಲದೆ ನಿಕಟ ತಪಾಸಣೆಯಲ್ಲಿ ಇರಿಸುವ ಕ್ರಮವನ್ನು ಬ್ರೆಜಿಲ್ ದೇಶದ ಶಸ್ತ್ರವೈದ್ಯೆ ಆಂಜೆಲಿಟಾ ಹಬರ್-ಗಾಮಾ ಪ್ರಚುರಪಡಿಸಿದರು. ಮಲದ್ವಾರಕ್ಕೆ ತೀರ ಹತ್ತಿರದ ಗಡ್ಡೆಯಿದ್ದು ಹೊಟ್ಟೆಯ ಮೇಲೆ ಶಾಶ್ವತವಾಗಿ ಮಲದ ಚೀಲ ಧರಿಸಬೇಕಾಗಿದ್ದ ರೋಗಿಗೆ ಇದು ಬದುಕಿನ ಗುಣಮಟ್ಟದ ಪ್ರಶ್ನೆ.

ಹಂತ ಮತ್ತು ಮುನ್ನರಿವು

ಅಮೆರಿಕದ ಕ್ಯಾನ್ಸರ್ ನೋಂದಣಿಯು ರೋಗವನ್ನು ಕರುಳಿಗೆ ಸೀಮಿತವಾದದ್ದು, ನೆರೆಯ ಭಾಗ ಅಥವಾ ಗ್ರಂಥಿಗಳಿಗೆ ಹರಡಿದ್ದು, ದೂರಕ್ಕೆ ಹರಡಿದ್ದು ಎಂದು ಮೂರಾಗಿ ವಿಂಗಡಿಸುತ್ತದೆ. ಸಮಾನ ವಯಸ್ಸಿನ ಇತರರಿಗೆ ಹೋಲಿಸಿದಾಗ ಐದು ವರ್ಷ ಬದುಕುಳಿಯುವವರ ಪ್ರಮಾಣ ಮೊದಲನೆಯ ಗುಂಪಿನಲ್ಲಿ ಶೇಕಡ ೯೦ರಷ್ಟು, ಎರಡನೆಯದರಲ್ಲಿ ಶೇಕಡ ೭೦ಕ್ಕಿಂತ ತುಸು ಹೆಚ್ಚು, ಮೂರನೆಯದರಲ್ಲಿ ಸುಮಾರು ಶೇಕಡ ೧೫. ಬೇಗನೆ ಪತ್ತೆಮಾಡುವುದರ ಮಹತ್ವವನ್ನು ಈ ಅಂತರವೇ ಹೇಳುತ್ತದೆ.

ಈ ಅಂಕಿಗಳನ್ನು ಓದುವಾಗ ಎರಡು ವಿಷಯಗಳನ್ನು ನೆನಪಿಡಬೇಕು. ಇವು ದೊಡ್ಡ ಗುಂಪಿನ ಸರಾಸರಿ. ಒಬ್ಬ ರೋಗಿಯ ವಯಸ್ಸು, ದೇಹಸ್ಥಿತಿ, ಇತರ ಕಾಯಿಲೆಗಳು, ಗಡ್ಡೆಯ ಗುಣ ಇವುಗಳಲ್ಲಿ ಸೇರಿಲ್ಲ. ಅಲ್ಲದೆ ಐದು ವರ್ಷಗಳ ಲೆಕ್ಕ ಸಿಗಬೇಕಾದರೆ ಐದು ವರ್ಷಗಳಾದರೂ ಕಳೆದಿರಬೇಕು. ಆದ್ದರಿಂದ ಇವು ಹಿಂದಿನ ಚಿಕಿತ್ಸೆಯ ಫಲಿತಾಂಶಗಳೇ ಹೊರತು ಇಂದಿನವಲ್ಲ.

ಮರುಕಳಿಸುವಿಕೆ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎರಡನೆಯ ಮತ್ತು ಮೂರನೆಯ ಹಂತದವರಿಗೆ ಐದು ವರ್ಷಗಳ ಕಾಲ ನಿಯತವಾಗಿ ಸಿಇಎ ಪರೀಕ್ಷೆ ಮತ್ತು ಸಿ.ಟಿ. ಸ್ಕ್ಯಾನ್, ಶಸ್ತ್ರಚಿಕಿತ್ಸೆಯ ಒಂದು ವರ್ಷದ ನಂತರ ಕೊಲೊನೋಸ್ಕೋಪಿ ಮಾಡುವುದು ವಾಡಿಕೆ.

ಪದ್ಧತಿಯ ಮಿತಿಗಳು

ಹಂತದ ಅಂಕಿ ಏರಿದಂತೆ ಮುನ್ನರಿವು ಕುಗ್ಗಬೇಕೆಂಬ ನಿರೀಕ್ಷೆ ಸಹಜ. ಆದರೆ ೨-ಸಿ ಹಂತದವರಿಗಿಂತ ೩-ಎ ಹಂತದವರು ಹೆಚ್ಚು ಬದುಕುಳಿಯುತ್ತಾರೆಂದು ನೋಂದಣಿಗಳ ವಿಶ್ಲೇಷಣೆಗಳು ಮತ್ತೆ ಮತ್ತೆ ತೋರಿಸಿವೆ. ಪಕ್ಕದ ಅಂಗಕ್ಕೆ ತಗಲುವಷ್ಟು ಆಳಕ್ಕಿಳಿದ ಗಡ್ಡೆಯು, ಗ್ರಂಥಿಗಳಲ್ಲಿ ರೋಗವಿಲ್ಲದಿದ್ದರೂ, ಗಂಭೀರವಾದದ್ದು. ೩-ಎ ಹಂತದ ಗಡ್ಡೆಗಳು ಕಡಿಮೆ ಆಳದವು. ಆ ಹಂತದವರಿಗೆ ಕೀಮೋಥೆರಪಿಯೂ ದೊರೆಯುತ್ತದೆ. ೨-ಸಿ ಗುಂಪಿನ ಕೆಲವರಲ್ಲಿ ಸಾಕಷ್ಟು ಗ್ರಂಥಿಗಳನ್ನು ಪರೀಕ್ಷಿಸದೆ ಇರುವುದೂ ಒಂದು ಕಾರಣವಿರಬಹುದು.

ಇನ್ನೊಂದು ತೊಡಕು ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಪರೀಕ್ಷೆಗಳು ಸೂಕ್ಷ್ಮವಾದಂತೆ, ಮೊದಲಾದರೆ ಎರಡನೆಯ ಹಂತಕ್ಕೆ ಸೇರುತ್ತಿದ್ದ ಕೆಲವರಲ್ಲಿ ಗ್ರಂಥಿಯೊಳಗಿನ ಸಣ್ಣ ರೋಗವೂ ಕಂಡುಬಂದು ಅವರು ಮೂರನೆಯ ಹಂತಕ್ಕೆ ಸೇರುತ್ತಾರೆ. ಎರಡನೆಯ ಗುಂಪಿನಿಂದ ಹೆಚ್ಚು ಅಪಾಯದವರು ಹೊರಹೋಗುವುದರಿಂದ ಅದರ ಸರಾಸರಿ ಏರುತ್ತದೆ; ಮೂರನೆಯ ಗುಂಪಿಗೆ ಅಲ್ಲಿನವರಿಗಿಂತ ಕಡಿಮೆ ಅಪಾಯದವರು ಬಂದು ಸೇರುವುದರಿಂದ ಅದರ ಸರಾಸರಿಯೂ ಏರುತ್ತದೆ. ಒಬ್ಬರ ಆಯುಸ್ಸೂ ಹೆಚ್ಚದೆ ಎರಡೂ ಹಂತಗಳ ಫಲಿತಾಂಶ ಸುಧಾರಿಸಿದಂತೆ ತೋರುತ್ತದೆ. ಅಮೆರಿಕದ ವೈದ್ಯ ಆಲ್ವನ್ ಫೈನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು ೧೯೮೫ರಲ್ಲಿ ಇದಕ್ಕೆ ಹಾಸ್ಯಗಾರ ವಿಲ್ ರೋಜರ್ಸ್‌ನ ಹೆಸರಿಟ್ಟರು.

ಈ ಕೊರತೆಗಳನ್ನು ತುಂಬಲು ಹೊಸ ಪರೀಕ್ಷೆಗಳು ಬರುತ್ತಿವೆ. ಶಸ್ತ್ರಚಿಕಿತ್ಸೆಯ ನಂತರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ತುಣುಕುಗಳು ಉಳಿದಿವೆಯೇ ಎಂದು ನೋಡುವುದು ಅವುಗಳಲ್ಲೊಂದು. ಎರಡನೆಯ ಹಂತದ ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಡೈನಮಿಕ್ ಅಧ್ಯಯನದಲ್ಲಿ, ಈ ಪರೀಕ್ಷೆಯನ್ನು ಅನುಸರಿಸಿದ ಗುಂಪಿನಲ್ಲಿ ಕೀಮೋಥೆರಪಿ ಪಡೆದವರು ಶೇಕಡ ೧೫, ವಾಡಿಕೆಯ ಕ್ರಮದ ಗುಂಪಿನಲ್ಲಿ ಶೇಕಡ ೨೮. ಹಾಗಿದ್ದರೂ ಮೊದಲ ಗುಂಪಿನಲ್ಲಿ ಮರುಕಳಿಸುವಿಕೆ ಹೆಚ್ಚಲಿಲ್ಲ.

ಭಾರತದಲ್ಲಿ

ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಡಿಯಲ್ಲಿ ೧೯೮೨ರಿಂದ ಬೆಂಗಳೂರು, ಮುಂಬಯಿ ಮತ್ತು ಚೆನ್ನೈ ನಗರಗಳಲ್ಲಿ ಜನಸಂಖ್ಯಾ ಆಧಾರಿತ ನೋಂದಣಿ ನಡೆಯುತ್ತ ಬಂದಿದೆ. ಬೆಂಗಳೂರಿನ ನೋಂದಣಿಯನ್ನು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಿರ್ವಹಿಸುತ್ತದೆ. ದೇಶದ ತಪಾಸಣಾ ಕಾರ್ಯಕ್ರಮವು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಸಂಬಂಧಿಸಿದ್ದು, ದೊಡ್ಡ ಕರುಳಿನ ಕ್ಯಾನ್ಸರ್ ಅದರಲ್ಲಿ ಸೇರಿಲ್ಲ. ಹೀಗಾಗಿ ಇಲ್ಲಿ ರೋಗವು ಹೆಚ್ಚಾಗಿ ಲಕ್ಷಣಗಳು ಕಾಣಿಸಿಕೊಂಡ ಮೇಲೆಯೇ ಪತ್ತೆಯಾಗುತ್ತದೆ.

ಮಲದಲ್ಲಿ ರಕ್ತ, ಮಲವಿಸರ್ಜನೆಯ ಅಭ್ಯಾಸದಲ್ಲಿ ವಾರಗಟ್ಟಲೆ ಉಳಿಯುವ ಬದಲಾವಣೆ, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವಿಕೆ ಇದರ ಮುಖ್ಯ ಲಕ್ಷಣಗಳು. ರಕ್ತಸ್ರಾವವನ್ನು ಮೂಲವ್ಯಾಧಿಯೆಂದು ಭಾವಿಸಿ ಪರೀಕ್ಷೆಯಿಲ್ಲದೆ ಔಷಧ ಮಾಡುತ್ತ ಕಾಲ ಕಳೆಯುವುದು ಸಾಮಾನ್ಯ. ಈ ಅವಧಿಯಲ್ಲಿ ರೋಗವು ಗೋಡೆಯಿಂದ ಗ್ರಂಥಿಗೆ, ಗ್ರಂಥಿಯಿಂದ ದೂರದ ಅಂಗಕ್ಕೆ ಸಾಗಲು ಅವಕಾಶವಾಗುತ್ತದೆ. ಆದ್ದರಿಂದ ಇಂತಹ ಲಕ್ಷಣಗಳು ಮುಂದುವರಿದರೆ ವಯಸ್ಸು ಎಷ್ಟೇ ಇರಲಿ ವೈದ್ಯರ ತಪಾಸಣೆಗೆ ಒಳಗಾಗುವುದು ಅಗತ್ಯ.